ಹದಿನೈದು ದಿನ ಗ್ಯಾರಂಟಿ

ಸೋಮವಾರ ಬೆಳಗಿನ ಪಾತ್ರೆಗಳನ್ನು ಆ ಮನೆಯಲ್ಲಿ ಬೆರಳಪ್ಪನೇ ತೊಳೆಯುತ್ತಿದ್ದ. ಉಳಿದ ಆರು ದಿನ ಗಂಡಹೆಂಡತಿ ಪಾಳಿ ಹಾಕಿಕೊಂಡಿದ್ದರು. ಸೋಮವಾರ ಮಾತ್ರ ಅವನದೇ. ಬಿಸಿನೀರು, ಬೇಕಾದ್ದಕ್ಕಿಂತ ಎರಡು ಪಟ್ಟು ಸೋಪು, ಇಪ್ಪತ್ತು ನಿಮಿಷ. ಅಷ್ಟರಲ್ಲಿ ಭಾನುವಾರ ಮಧ್ಯಾಹ್ನ ಅಂಟಿಸಿಕೊಂಡ ಹತ್ತು ಉಗುರುಗಳೂ ಸಡಿಲವಾಗಿ, ನೆನೆಸಿದ ಬಾದಾಮಿಯ ಸಿಪ್ಪೆಯ ಹಾಗೆ ಕಳಚಿಕೊಳ್ಳುತ್ತಿದ್ದವು. ಅವನ್ನು ಒರೆಸಿ, ಹಿಂಬದಿಯ ಗೋಂದು ಉಜ್ಜಿ ತೆಗೆದು, ಹೆಬ್ಬೆರಳಿನದನ್ನು ಹೆಬ್ಬೆರಳಿನ ಗೂಡಿಗೆ, ಕಿರುಬೆರಳಿನದನ್ನು ಕಿರುಬೆರಳಿನ ಗೂಡಿಗೆ ಜೋಡಿಸಿ, ಡಬ್ಬಿ ಮುಚ್ಚಿ, ತನ್ನ ಸ್ವಂತ ಉಗುರುಗಳಿಗೆ ಒಂದೊಂದು ತೊಟ್ಟು ಎಣ್ಣೆ ಸವರುವ ಹೊತ್ತಿಗೆ ಮಗಳು ಏಳುವ ಸಮಯವಾಗುತ್ತಿತ್ತು. ಗುಟ್ಟೂ ಉಳಿಯುತ್ತಿತ್ತು, ಪಾತ್ರೆಯೂ ಹೊಳೆಯುತ್ತಿತ್ತು.

ಈ ಸೋಮವಾರ ನಲವತ್ತು ನಿಮಿಷವಾದರೂ ಒಂದು ಉಗುರೂ ಅಲ್ಲಾಡಲಿಲ್ಲ.

"ಯಾವ ಗೋಂದು ಹಾಕ್ಕೊಂಡ್ರಿ?" ಹೆಂಡತಿ ಪಿಸುಗುಟ್ಟಿದಳು.

"ಹೊಸದು. ಅಂಗಡಿಯವಳು ಹದಿನೈದು ದಿನ ಗ್ಯಾರಂಟಿ ಅಂದಳು."

"ನಮಗೆ ಬೇಕಾಗಿರೋದು ಹದಿನೈದು ಗಂಟೆ ಕಣ್ರೀ."

"ರಿಮೂವರ್ ಇಲ್ವಾ?"

"ಹೋದ ತಿಂಗಳೇ ಖಾಲಿ. ಅಂಗಡಿ ತೆಗೆಯೋದು ಹತ್ತಕ್ಕೆ."

ಬೆರಳಪ್ಪ ನೊರೆಯಿಂದ ಕೈ ಎತ್ತಿ ನೋಡಿದ. ತಿಳಿಗುಲಾಬಿ ಬಣ್ಣ, ಬಾದಾಮಿಯ ಆಕಾರ. ಬೇರೆ ದಿನವಾಗಿದ್ದರೆ ಇಷ್ಟು ಚೆನ್ನಾಗಿ ಅಂಟಿದ್ದಕ್ಕೆ ಹಿಗ್ಗುತ್ತಿದ್ದ.

ಬೆರಳಪ್ಪ ಎಂಬುದು ಕಚೇರಿಯವರು ಇಟ್ಟ ಹೆಸರು. ಗುರುತಿನ ಚೀಟಿ ಕೊಡುವ ಕಚೇರಿಯಲ್ಲಿ ಜನರ ಬೆರಳಚ್ಚು ತೆಗೆಯುವುದು ಅವನ ಕೆಲಸ. ದಿನಕ್ಕೆ ಅರವತ್ತು ಮಂದಿ, ಆರುನೂರು ಬೆರಳು. ಒಂದೊಂದನ್ನೂ ಹಿಡಿದು ಗಾಜಿನ ಮೇಲೆ ಒತ್ತಬೇಕು. ಬೆವರಿದ ಬೆರಳು, ಬಿರುಕುಬಿಟ್ಟ ಬೆರಳು, ಆಗತಾನೇ ಮೂಗಿನಿಂದ ಹೊರಬಂದ ಬೆರಳು. ವಾರವಿಡೀ ಊರಿನವರ ಕೈ ನೋಡಿದ ಮೇಲೆ ಭಾನುವಾರ ಒಂದು ದಿನ ತನ್ನ ಕೈ ನೋಡಿಕೊಳ್ಳುತ್ತಿದ್ದ. ಮಗಳು ಅಜ್ಜಿಯ ಮನೆಗೆ ಹೋದ ಕೂಡಲೇ ನೀಲಿ ಗೌನು ತೊಟ್ಟು, ಉಗುರಿನ ಡಬ್ಬಿ ತೆರೆದು ಕಿಟಕಿಯ ಬೆಳಕಿಗೆ ಕೂರುತ್ತಿದ್ದ. ಉಗುರು ಹಾಕಿಕೊಂಡ ಮೇಲೆ ಲೋಟ ಎತ್ತುವುದೂ ನಿಧಾನವಾಗುತ್ತಿತ್ತು, ಪುಟ ತಿರುವುವುದೂ ನಿಧಾನವಾಗುತ್ತಿತ್ತು, ಮನಸ್ಸೂ ಹಾಗೇ. ಇದನ್ನೆಲ್ಲ ಅವನು ಮದುವೆಗೆ ಮೊದಲೇ ಹೆಂಡತಿಗೆ ತಿಳಿಸಿದ್ದ. ಅವಳು ಬಹಳ ಹೊತ್ತು ಯೋಚಿಸಿ, "ಕೆಂಪು ಮಾತ್ರ ಬೇಡ, ನಿಮ್ಮ ಮೈಬಣ್ಣಕ್ಕೆ ಹೊಂದಲ್ಲ" ಎಂದಿದ್ದಳು. ಅಲ್ಲಿಗೆ ಆ ವಿಷಯ ಮುಗಿದಿತ್ತು.

ಮುಗಿಯದೇ ಇದ್ದದ್ದು ಮಗಳ ವಿಷಯ. ಗುಬ್ಬಿಗೆ ಏಳು ವರ್ಷ. ಮೀನು ಯಾಕೆ ಕೆಮ್ಮಲ್ಲ ಎಂದು ಕೇಳುವ ಮಗು. ಒಂದು ದಿನ ಎದುರಿಗೆ ನಿಂತು "ಇದ್ಯಾಕಪ್ಪಾ?" ಎಂದು ಕೇಳಿಬಿಟ್ಟರೆ ಏನು ಹೇಳುವುದು? ಮೂರು ವರ್ಷದಿಂದ ಅವನು ಆ ಉತ್ತರಕ್ಕೆ ತಯಾರಿ ನಡೆಸಿದ್ದ. ಇನ್ನೂ ಮೊದಲ ವಾಕ್ಯ ಸಿಕ್ಕಿರಲಿಲ್ಲ.

ಆಗ ಕರೆಗಂಟೆ ಸದ್ದು ಮಾಡಿತು.

ಬಂದವರು ಅತ್ತೆ. ರಾತ್ರಿ ನಿದ್ದೆಹೋಗಿದ್ದ ಮೊಮ್ಮಗಳನ್ನು ಹೆಗಲ ಮೇಲೆ ತಂದು ಬಿಟ್ಟುಹೋಗಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಅವಳ ಎಡಗಾಲಿನ ಶೂ ಅವರ ಮನೆಯಲ್ಲೇ ಉಳಿದಿತ್ತು.

"ಒಂದು ಶೂ ಹಾಕ್ಕೊಂಡು ಸ್ಕೂಲಿಗೆ ಹೋಗ್ತಾಳೇನೇ?" ಎನ್ನುತ್ತ ಅವರು ನೇರ ಅಡುಗೆಮನೆಗೇ ಬಂದರು. ಬೆರಳಪ್ಪ ಮೊಣಕೈವರೆಗೂ ನೊರೆಯೊಳಗೆ ಮುಳುಗಿದ.

ಅತ್ತೆ ಸ್ಟೂಲ್ ಎಳೆದುಕೊಂಡು ಕೂತರು. ತಮ್ಮ ಮೊಣಕಾಲು ನೋವು, ಕೆಳಮನೆಯವರ ನಾಯಿ, ನಾಯಿಗೂ ಮೊಣಕಾಲು ನೋವು, ಎಲ್ಲ ಹೇಳಿದರು. ಅಳಿಯ ನೊರೆಯ ಕೆಳಗೆ ಕೈ ಆಡಿಸುತ್ತಲೇ ಇದ್ದ.

"ಅಳಿಯಂದ್ರೆ, ಆಗಿನಿಂದ ಒಂದೇ ಪಾತ್ರೆ ತೊಳೀತಿದ್ದೀರಿ."

"ಜಿಡ್ಡು ಅತ್ತೆ."

"ಏನ್ ಮಾಡಿದ್ರಿ ಅದರಲ್ಲಿ?"

"ನೀರು ಕಾಯಿಸಿದ್ವಿ."

ಅಷ್ಟರಲ್ಲಿ ಗುಬ್ಬಿ ಕಣ್ಣುಜ್ಜಿಕೊಳ್ಳುತ್ತ ಬಂದು ಅಪ್ಪನ ಪಕ್ಕ ನಿಂತಳು. ನೊರೆಯನ್ನು ನೋಡಿದಳು. ಅಪ್ಪನನ್ನು ನೋಡಿದಳು.

"ಅಪ್ಪಾ, ನಿನ್ನ ಒಂದು ಕೇಳ್ಬೇಕು."

ಬೆರಳಪ್ಪ ಕೈಯನ್ನು ಇನ್ನೂ ಆಳಕ್ಕೆ ಇಳಿಸಿದ. "ಆಮೇಲೆ ಕಂದಾ."

"ಕೈದು ವಿಷಯ."

"ಆಮೇಲೆ!"

"ಮಗು ಕೇಳಿದ್ರೆ ಹೇಳಬಾರದಾ? ಬಿಡಿ ಇತ್ತ, ನಾನ್ ತೊಳೀತೀನಿ," ಎನ್ನುತ್ತ ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು. ಹೆಂಡತಿಯ ಬಾಯಿಗೆ ಬಂದದ್ದು ಒಂದೇ ಮಾತು:

"ಬೇಡಮ್ಮ, ಅವರ ಕೈ ಸುಟ್ಟಿದೆ!"

"ಸುಟ್ಟಿದೆಯಾ? ಹೇಗೆ?"

"ಬಿಸಿ ಕುಕ್ಕರ್ ಹಿಡಿದ್ರು."

"ಹತ್ತೂ ಬೆರಳಲ್ಲಾ?"

"ಗಟ್ಟಿಯಾಗಿ ಹಿಡಿದ್ರು."

ಅತ್ತೆ ಇನ್ನೊಂದು ಪ್ರಶ್ನೆ ಹುಡುಕುವಷ್ಟರಲ್ಲಿ ಅವಳು ಗಂಡನ ಕೈಗೆ ಟವೆಲ್ ಸುತ್ತಿ ಕೋಣೆಗೆ ಎಳೆದೊಯ್ದಿದ್ದಳು. ಹತ್ತು ನಿಮಿಷದ ಮೇಲೆ ಅವನು ಹೊರಬಂದಾಗ ಒಂದೊಂದು ಬೆರಳೂ ಬ್ಯಾಂಡೇಜು ಸುತ್ತಿಕೊಂಡು ಬಿಳಿ ಮೂಲಂಗಿಯ ಹಾಗೆ ದಪ್ಪಗಿತ್ತು. ಎರಡು ಕೈ ಸೇರಿದರೆ ಎರಡು ಕಟ್ಟು.

ರಜೆ ಹಾಕುವ ಹಾಗಿರಲಿಲ್ಲ. ಬೆರಳಚ್ಚಿನ ಯಂತ್ರ ಬೆಳಿಗ್ಗೆ ತೆರೆದುಕೊಳ್ಳುವುದು ಬೆರಳಪ್ಪನ ಬಲಗೈ ತೋರುಬೆರಳಿಗೆ ಮಾತ್ರ. ಅವನಿಗೆ ನೆಗಡಿಯಾದರೆ ಇಡೀ ಕಚೇರಿಗೆ ನೆಗಡಿ.

ಕಚೇರಿಯ ಬಾಗಿಲಲ್ಲಿ ಆಗಲೇ ಸಾಲು ನಿಂತಿತ್ತು. ಪಕ್ಕದ ಮೇಜಿನಲ್ಲಿ ಜನರ ಫೋಟೋ ತೆಗೆಯುವ ಫೋಟೋ ಅಕ್ಕ ಅವನ ಕೈ ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಸೂಪರಿಂಟೆಂಡೆಂಟರು ಕನ್ನಡಕ ಏರಿಸಿ, ಇಳಿಸಿ ನೋಡಿದರು.

"ಅಯ್ಯೋ ಪಾಪ. ಸರಿ, ಒಂದೇ ಒಂದು ಬೆರಳು ಬಿಚ್ಚಪ್ಪ. ಯಂತ್ರ ತೆರೆದು ಮತ್ತೆ ಕಟ್ಕೋ."

"ಗಾಳಿ ತಾಗಬಾರದು ಸಾರ್."

"ಎರಡು ಸೆಕೆಂಡು!"

"ಬೆಳಕೂ ತಾಗಬಾರದು."

ಸೂಪರಿಂಟೆಂಡೆಂಟರಿಗೆ ಇಂಥ ಸುಟ್ಟಗಾಯದ ಬಗ್ಗೆ ಏನೂ ತಿಳಿದಿರಲಿಲ್ಲ. ಆದರೆ ತಿಳಿಯದು ಎಂದು ಒಪ್ಪಿಕೊಳ್ಳುವ ಅಭ್ಯಾಸವೂ ಇರಲಿಲ್ಲ. "ಹೌದಪ್ಪ, ಅದೂ ಒಂದಿದೆ," ಎಂದರು.

ಕೊನೆಗೆ ಬೆರಳಪ್ಪ ಫೋಟೋ ಅಕ್ಕನ ಹಿಂದೆ ತೂಗುಹಾಕಿದ್ದ ಕಪ್ಪು ಪರದೆಯನ್ನು ಬಿಚ್ಚಿ, ತಲೆಯ ಮೇಲಿಂದ ಯಂತ್ರದ ಸಮೇತ ಹೊದ್ದುಕೊಂಡ. ಒಳಗಿನ ಕತ್ತಲಲ್ಲಿ ಕಟ್ಟು ಬಿಚ್ಚಿ, ಬೆರಳಿಟ್ಟು, ಯಂತ್ರ 'ಕೀಂ' ಎಂದ ಮೇಲೆ ಮತ್ತೆ ಸುತ್ತಿಕೊಂಡು ಹೊರಬಂದ.

ಸಾಲಿನ ಮೊದಲಿಗೆ ನಿಂತಿದ್ದ ಮುದುಕ ಇದನ್ನೆಲ್ಲ ಗಮನವಿಟ್ಟು ನೋಡಿದ್ದ. "ನನಗೂ ಬಟ್ಟೆ ಹಾಕಿ," ಎಂದ.

"ನಿಮಗೆ ಬೇಡ ತಾತ," ಎಂದಳು ಫೋಟೋ ಅಕ್ಕ.

"ಅವರಿಗೆ ಹಾಕಿದ್ರಿ! ದೊಡ್ಡವರ ಬೆರಳಿಗೊಂದು ಮರ್ಯಾದೆ, ನಮ್ಮ ಬೆರಳಿಗೊಂದು ಮರ್ಯಾದೆಯಾ?"

ಮುದುಕನಿಗೆ ಹೊದಿಸಿದರು. ಹಿಂದಿನವಳು ತನಗೂ ಬೇಕೆಂದಳು. ಹನ್ನೊಂದು ಗಂಟೆಯ ಹೊತ್ತಿಗೆ ಸಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಕಪ್ಪು ಬಟ್ಟೆಯೊಳಗೆ ಹೋಗಿ ಗಂಭೀರ ಮುಖ ಮಾಡಿಕೊಂಡು ಹೊರಬರುತ್ತಿದ್ದರು. ಸೂಪರಿಂಟೆಂಡೆಂಟರು ಇದನ್ನು ಕಂಡು, ಇನ್ನು ಮುಂದೆ ಇದೇ ಕ್ರಮ ಎಂದು ಗೋಡೆಗೆ ಚೀಟಿ ಅಂಟಿಸಿದರು.

ಫೋಟೋ ತೆಗೆಯುವುದನ್ನು ಬಿಟ್ಟು ಫೋಟೋ ಅಕ್ಕ ಬಟ್ಟೆಯೊಳಗೆ ನುಗ್ಗಿ ಜನರ ಬೆರಳು ಒತ್ತಿದಳು. ನಡುನಡುವೆ ಹೊರಬಂದು ಬೆರಳಪ್ಪನ ಬಾಯಿಗೆ ನೀರು ಹಿಡಿದಳು. ಊಟದ ಹೊತ್ತಿಗೆ ಸ್ಪೂನಿನಲ್ಲಿ ತಿನ್ನಿಸಿದಳು. "ಒಂದ್ ಹನಿ ಕಣ್ಣೀರು ಹಾಕ್ಲಿಲ್ಲ ನೋಡಿ ಸಾರ್, ಎಂಥ ಗಟ್ಟಿ ಮನುಷ್ಯ," ಎಂದು ಅವಳು ಹೇಳುವಾಗ ಬೆರಳಪ್ಪನಿಗೆ ನಿಜವಾಗಿಯೂ ಅಳು ಬಂತು. ಇಷ್ಟು ಒಳ್ಳೆಯವರಿಗೆ ಸುಳ್ಳು ಹೇಳುವುದು ಬಿಸಿ ಕುಕ್ಕರ್ ಹಿಡಿಯುವುದಕ್ಕಿಂತ ಕಷ್ಟವಾಗಿತ್ತು.

"ಅತ್ತುಬಿಟ್ಟ," ಎಂದರು ಸೂಪರಿಂಟೆಂಡೆಂಟರು. "ಸಂಜೆ ನಾವೇ ಮನೆಗೆ ಬಿಟ್ಟುಬರೋಣ."

"ಬೇಡ ಸಾರ್."

"ನೀನು ಹಾಗೇ ಅಂತೀಯ ಅಂತ ಗೊತ್ತಿತ್ತು."

ಐದೂವರೆಗೆ ಮೂವರೂ ಮನೆ ತಲುಪಿದರು. ಬಾಗಿಲು ತೆರೆದವರು ಅತ್ತೆ. ಅಳಿಯನ ಸ್ಥಿತಿ ನೋಡಿ ಅವರು ಬೆಳಗಿನಿಂದ ಹೋಗಿರಲೇ ಇಲ್ಲ. ಒಳಗಿನ ಕುರ್ಚಿಯಲ್ಲಿ ಎದುರುಮನೆ ನರ್ಸಮ್ಮ ಕೂತಿದ್ದರು. ಮೂವತ್ತೈದು ವರ್ಷ ದೊಡ್ಡಾಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಂದಿನಿಂದ ಬೀದಿಯಲ್ಲಿ ಯಾರಾದರೂ ಸೀನಿದರೆ ಅವರ ಮನೆ ಬಾಗಿಲು ತೆರೆದುಕೊಳ್ಳುತ್ತಿತ್ತು. ಮಡಿಲಲ್ಲಿ ಒಂದು ಕತ್ತರಿ ಇತ್ತು.

"ಸುಟ್ಟಿದ್ದಕ್ಕೆ ಇಷ್ಟು ಬಿಗಿಯಾಗಿ ಕಟ್ತಾರೇನ್ರೀ? ಕೊಳೆತು ಹೋಗತ್ತೆ. ತನ್ನಿ ಕೈ."

ಬೆರಳಪ್ಪ ಕೈಗಳನ್ನು ಬೆನ್ನಹಿಂದೆ ಒಯ್ದ. ಬಾಗಿಲ ಮರೆಯಿಂದ ಗುಬ್ಬಿ ಓಡಿಬಂದಳು.

"ಅಪ್ಪಾ! ಈಗ ಕೇಳ್ಲಾ?"

"ಬಾತ್‌ರೂಮಿಗೆ ಹೋಗ್ಬೇಕು," ಎಂದ ಬೆರಳಪ್ಪ.

"ಒಬ್ಬರೇ ಹೇಗೆ ಹೋಗ್ತಾರೆ ಈ ಕೈಲಿ," ಎನ್ನುತ್ತ ಹೆಂಡತಿಯೂ ಹಿಂದೆಯೇ ನುಗ್ಗಿ ಚಿಲಕ ಹಾಕಿದಳು.

ಒಳಗೆ ಬಕೆಟ್ಟಿನ ಹಿಂದೆ ರಿಮೂವರ್ ಶೀಶೆ ಸಿದ್ಧವಾಗಿತ್ತು. ಅವಳು ಹತ್ತು ಗಂಟೆಗೆ ಅಂಗಡಿಯ ಮುಂದೆ ನಿಂತು ತಂದಿದ್ದಳು. ಎರಡು ಬಟ್ಟಲಿಗೆ ಸುರಿದಳು. ಬೆರಳಪ್ಪ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು, ಅವಳು ಕಟ್ಟು ಬಿಚ್ಚಿದ ಬೆರಳುಗಳನ್ನು ಅದ್ದಿದ.

"ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ ಅಂತ ಬರೆದಿದೆ."

ಹೊರಗಿನಿಂದ ನರ್ಸಮ್ಮ ಬಾಗಿಲು ಬಡಿದರು. "ಏನ್ರೀ ಅದು ವಾಸನೆ?"

"ಔಷಧಿ!"

"ಯಾರು ಕೊಟ್ಟಿದ್ದು?"

"ಅಂಗಡಿಯವಳು!" ಎಂದ ಬೆರಳಪ್ಪ. ಇಡೀ ದಿನದಲ್ಲಿ ಅವನು ಹೇಳಿದ ಮೊದಲ ನಿಜ ಅದು.

ಹತ್ತು ನಿಮಿಷಕ್ಕೆ ಎಡಗೈ ಕಿರುಬೆರಳಿನ ಉಗುರು ಅಲುಗಿತು. ಹೆಂಡತಿ ಸಣ್ಣ ಕಡ್ಡಿಯಿಂದ ಅಂಚು ಮೀಟಿದಳು. ಬಣ್ಣ ಕರಗಿ, ಅಂಚು ಮುದುರಿ, ಒಂದೊಂದೇ ಬಟ್ಟಲಿಗೆ ಬಿತ್ತು. ಬೆರಳಪ್ಪ ಬಟ್ಟಲನ್ನೇ ನೋಡುತ್ತಿದ್ದ.

"ನೋವಾಗ್ತಿದೆಯಾ?"

"ಇಲ್ಲ. ಈ ಬಣ್ಣ ಚೆನ್ನಾಗಿತ್ತು," ಎಂದ.

"ಬೇರೆ ತರೋಣ ಬಿಡಿ. ಗ್ಯಾರಂಟಿ ಇಲ್ದಿರೋದು."

"ಗುಬ್ಬಿ ನೋಡಿದ್ದಾಳೆ ಅನ್ಸತ್ತೆ. ಬೆಳಿಗ್ಗೆಯಿಂದ ಕೈದು ವಿಷಯ, ಕೈದು ವಿಷಯ ಅಂತಿದ್ದಾಳೆ."

"ನೊರೆಯೊಳಗೆ ಏನ್ ಕಾಣತ್ತೆ ಮಗೂಗೆ? ಈಗಂತೂ ಏನೂ ಇಲ್ಲ. ಕೈ ಚಾಚಿ ತೋರಿಸಿಬಿಡಿ, ಮರೆತುಬಿಡ್ತಾಳೆ."

ಬೆರಳಪ್ಪ ಬರಿಗೈಯಲ್ಲಿ ಹೊರಬಂದು, ತೀರ್ಪಿಗೆ ನಿಂತವನ ಹಾಗೆ ನರ್ಸಮ್ಮನ ಮುಂದೆ ಕೈ ಚಾಚಿದ. ಅವರು ಒಂದೊಂದು ಬೆರಳನ್ನೂ ತಿರುಗಿಸಿ, ಒತ್ತಿ, ಮೂಸಿ ನೋಡಿದರು. ಸೂಪರಿಂಟೆಂಡೆಂಟರು ಕನ್ನಡಕ ಏರಿಸಿ ಬಗ್ಗಿದರು.

"ಸ್ವಲ್ಪ ಕೆಂಪಾಗಿದೆ. ಚರ್ಮ ಒಣಗಿದೆ. ಅಷ್ಟೇ," ಎಂದರು ನರ್ಸಮ್ಮ, ನಿರಾಸೆಯಿಂದ ಕತ್ತರಿ ಚೀಲಕ್ಕೆ ಹಾಕುತ್ತ. "ಇಷ್ಟಕ್ಕೆ ಹತ್ತು ಬ್ಯಾಂಡೇಜಾ? ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ ಹಾಗಾಯ್ತು."

ಉಗುರು ಎಂಬ ಮಾತು ಕೇಳಿ ಬೆರಳಪ್ಪ ಬೆಚ್ಚಿಬಿದ್ದ. ಯಾರೂ ಗಮನಿಸಲಿಲ್ಲ.

"ನಮ್ಮಳಿಯ ಸ್ವಲ್ಪ ಸುಕುಮಾರ," ಎಂದು ಅತ್ತೆ ಸಮಾಧಾನ ಹೇಳಿದರು. ಫೋಟೋ ಅಕ್ಕ ಕಣ್ಣೊರೆಸಿಕೊಂಡಳು. "ನಾಳೆ ನಿನ್ನ ಕೆಲಸ ನೀನೇ ಮಾಡಪ್ಪ," ಎಂದು ಸೂಪರಿಂಟೆಂಡೆಂಟರು ನಕ್ಕರು. ಹೆಂಡತಿ ಎಲ್ಲರಿಗೂ ಟೀ ತಂದಳು. ಬೆರಳಪ್ಪನೂ ಲೋಟ ಎತ್ತಿ, ಬೆಳಗಿನಿಂದ ಮೊದಲ ಸಲ ತನ್ನ ಕೈಯಿಂದಲೇ ಒಂದು ಗುಟುಕು ಕುಡಿದ. ಎದೆಯ ಮೇಲಿನ ಬಂಡೆ ಇಳಿದಿತ್ತು. ಬಂಡೆ ಇಳಿದವನಿಗೆ ಉದಾರ ಬುದ್ಧಿ ಬರುತ್ತದೆ.

"ಬಾ ಕಂದಾ," ಎಂದು ಮಗಳನ್ನು ಕರೆದ, ಬರಿ ಬೆರಳುಗಳನ್ನು ಎಲ್ಲರಿಗೂ ಕಾಣುವಂತೆ ಅಗಲಿಸಿ. "ಬೆಳಿಗ್ಗೆಯಿಂದ ಪಾಪ, ಏನೋ ಕೇಳ್ಬೇಕು ಅಂತಿದ್ಯಲ್ಲ. ಕೇಳು. ಎಲ್ಲರ ಮುಂದೆ ಜೋರಾಗಿ ಕೇಳು."

ಗುಬ್ಬಿ ಒಳಗೆ ಓಡಿ ಒಂದು ದೊಡ್ಡ ಹಾಳೆ ಹಿಡಿದು ಬಂದಳು. ಟೀ ಲೋಟಗಳನ್ನು ಸರಿಸಿ ಟೀಪಾಯಿಯ ಮೇಲೆ ಹರಡಿದಳು. 'ನನ್ನ ಅಪ್ಪ' ಎಂದು ಮೇಲೆ ಬರೆದಿತ್ತು. ಹಾಳೆ ತುಂಬ ಬೆರಳಪ್ಪ ನಿಂತಿದ್ದ. ಮನೆ ಅವನ ಮೊಣಕಾಲಿಗೆ ಬರುತ್ತಿತ್ತು. ಅಂಗಿಗೆ ಬಣ್ಣವಾಗಿತ್ತು, ಮೀಸೆಗೆ ಬಣ್ಣವಾಗಿತ್ತು. ಎರಡೂ ಕೈ ಸೂರ್ಯನ ಹಾಗೆ ಅಗಲಿಸಿದ್ದ. ಹತ್ತು ಬೆರಳಿನ ತುದಿಗಳು ಮಾತ್ರ ಖಾಲಿ ಇದ್ದವು.

"ಎಷ್ಟು ಚೆಂದ!" ಎಂದಳು ಫೋಟೋ ಅಕ್ಕ. ಅತ್ತೆ, ನರ್ಸಮ್ಮ, ಸೂಪರಿಂಟೆಂಡೆಂಟರು, ಎಲ್ಲರೂ ಬಗ್ಗಿದರು.

"ನಾಳೆ ಮಿಸ್ ಇದನ್ನ ಸ್ಕೂಲ್ ಗೋಡೆಗೆ ಹಾಕ್ತಾರೆ," ಎಂದಳು ಗುಬ್ಬಿ. ಕ್ರೇಯಾನಿನ ಡಬ್ಬಿಯಲ್ಲಿ ಕೈಯಾಡಿಸಿ ಒಂದು ಕಡ್ಡಿ ತೆಗೆದು, ಎಡಗೈಗೆ ಇನ್ನೊಂದು ತೆಗೆದು, ಎರಡನ್ನೂ ಅಪ್ಪನ ಮುಖಕ್ಕೆ ಹಿಡಿದು, ಹೇಳಿದ ಹಾಗೆಯೇ ಜೋರಾಗಿ ಕೇಳಿದಳು:

"ಸೋಮವಾರದ ಉಗುರು ಬರೀಲಾ ಅಪ್ಪಾ, ಇಲ್ಲಾ ರಾತ್ರಿ ನನಗೆ ನಿದ್ದೆ ಬಂದಿದೆ ಅಂದ್ಕೊಂಡು ಹೊದಿಸ್ತೀಯಲ್ಲ, ಆಗ ಹಾಕ್ಕೊಂಡಿರ್ತೀಯಲ್ಲ, ಆ ಭಾನುವಾರದ ಗುಲಾಬಿ ಉಗುರು ಬರೀಲಾ?"