ಯಾರ ಬೆರಳಿನ ಬ್ಯಾಕ್ಟೀರಿಯಾ?

ಡಿಗ್ರಿಗೆ ಬಯೋಟೆಕ್ನಾಲಜಿ ತಗೊಂಡ ದಿನದಿಂದ ಕಂಡವರೆಲ್ಲ ನನ್ನನ್ನು ಕೇಳುವುದು ಒಂದೇ: "ಓದಿ ಮುಗಿಸಿದ ಮೇಲೆ ಏನಾಗ್ತೀಯಮ್ಮಾ?" ಅಪ್ಪನಂತೂ ಕೆಟ್ಟು ನಿಂತ ಮಿಕ್ಸಿಯನ್ನೇ ತಂದು ನನ್ನ ಮುಂದಿಟ್ಟಿದ್ದರು, "ಟೆಕ್ನಾಲಜಿ ಅಲ್ವಾ, ಸ್ವಲ್ಪ ನೋಡು" ಅಂತ! ಇವರಿಗೆಲ್ಲ ವಿಜ್ಞಾನದ ವಿಶ್ವರೂಪ ತೋರಿಸಿಯೇ ಬಿಡುತ್ತೇನೆಂದು ಪಣ ತೊಟ್ಟೆ. ಕಾಲೇಜಿನ ಪ್ರಾಜೆಕ್ಟಿಗೆ ವಿಷಯ ಆರಿಸಿದೆ: ನಮ್ಮ ಮನೆಯಲ್ಲಿ ಯಾರ ಕೈ ಶುದ್ಧ? ಉತ್ತರ ಮೊದಲೇ ಗೊತ್ತಿತ್ತು. ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುವವಳು ನಾನೊಬ್ಬಳೇ!

ಲ್ಯಾಬಿನಿಂದ ಮೂರು ಪೆಟ್ರಿ ತಟ್ಟೆ ತಂದೆ. ಅದರೊಳಗಿನ ಜೆಲ್ಲಿಗೆ ಬೆರಳೊತ್ತಿ, ಮುಚ್ಚಿ, ಬೆಚ್ಚಗಿಟ್ಟರೆ ಬೆರಳಿನ ಬ್ಯಾಕ್ಟೀರಿಯಾಗಳು ಅದನ್ನೇ ಉಂಡು, ಸಂಸಾರ ಬೆಳೆಸಿ, ಕಣ್ಣಿಗೆ ಕಾಣುವಷ್ಟಾಗುತ್ತವೆ. ಅಪ್ಪ ಒತ್ತಿದರು, ಅಮ್ಮ ಒತ್ತಿದಳು. ಇಬ್ಬರ ಫೋಟೊವನ್ನೂ ಮೊಬೈಲಿನಲ್ಲಿ ಹಿಡಿದು, ಕೊನೆಗೆ ನಾನೂ ಒತ್ತಿದೆ. ತಳದಲ್ಲಿ ಹೆಸರು ಬರೆದು, ತಟ್ಟೆಗಳನ್ನು ಬೋರಲು ಹಾಕಿ ಫ್ರಿಜ್ಜಿನ ಮೇಲಿಟ್ಟೆ.

ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ಸಂಜೆ ತಟ್ಟೆಗಳನ್ನು ಇಳಿಸಿ ನೋಡಿದೆ. ಎರಡರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಮೂರನೆಯದರಲ್ಲಿ ಹಳದಿ, ಬಿಳಿ, ಕೆನೆಬಣ್ಣದ ಮಹಾಸಾಮ್ರಾಜ್ಯ! ಆದರೆ ಒಂದರ ಮೇಲೂ ಹೆಸರಿಲ್ಲ! ಹೆಸರಿಲ್ಲದ ತಟ್ಟೆಗೆ ನಮ್ಮ ಮೇಡಂ ಸೊನ್ನೆ ಸುತ್ತುತ್ತಾರೆ.

"ಅಮ್ಮಾ! ಹೆಸರು ಅಳಿಸಿದ್ದು ಯಾರು?"

"ನಾನೇ ಕಣೇ. ಧೂಳು ಹೊಡೀತಿದ್ದೆ, ಹಾಗೇ ಒರೆಸಿದೆ."

"ಅದು ನೀರಿಗೆ ಹೋಗೋ ಇಂಕೇ ಅಲ್ಲ!"

"ಹೌದು, ಹೋಗ್ಲೇ ಇಲ್ಲ. ಆಮೇಲೆ ಸ್ಯಾನಿಟೈಸರ್ ಹಾಕಿ ಉಜ್ಜಿದೆ."

ಅಪ್ಪ ಇಣುಕಿ ನೋಡಿ ಹಿಂದೆ ಸರಿದರು. "ಈ ಕಾಡು ನಂದಲ್ಲಪ್ಪ!"

"ನಂದೇ ಇರ್ಬೇಕು, ಬರ್ಕೋ" ಎಂದಳು ಅಮ್ಮ.

ಅಷ್ಟು ಸಿಕ್ಕಿದ್ದೇ ಸಾಕಾಯಿತು. ಅಡುಗೆಮನೆಯ ಶುಚಿತ್ವದ ಬಗ್ಗೆ ನಿಂತಲ್ಲೇ ಉಪನ್ಯಾಸ ಬಿಗಿದೆ. ಪಾಪ, ಅಮ್ಮ ತಲೆಯಾಡಿಸುತ್ತಾ ಕೇಳಿದಳು. ಆಮೇಲೆ ಬರೆಯಲು ಪೆನ್ನು ತೆಗೆದೆ, ಆದರೆ ಬರೀ ಊಹೆಯ ಮೇಲೆ ಹೆಸರು ಬರೆಯಲು ಮನಸ್ಸಾಗಲಿಲ್ಲ.

"'ಇರ್ಬೇಕು' ಅಂದ್ರೆ ಆಗಲ್ಲಮ್ಮ, ವಿಜ್ಞಾನಕ್ಕೆ ಸಾಕ್ಷಿ ಬೇಕು! ಇಲ್ದಿದ್ರೆ ಸೊನ್ನೆನೇ ತಗೋತೀನಿ!"

ಅಮ್ಮ ನಿಟ್ಟುಸಿರಿಟ್ಟಳು. "ಸಾಕ್ಷಿ ನಾನೇ. ಒರೆಸೋ ಮುಂಚೆ ಓದಿದ್ದೆ. ಇದು ಅಪ್ಪಂದು, ಇದು ನಂದು."

"ಹಾಗಾದ್ರೆ ಈ ಕಾಡು..."

"ನಿಂದು. ಮೊಬೈಲ್ ಹಿಡಿದ ಕೈಲೇ ಒತ್ತಿದ್ಯಲ್ಲ! ನಾಳೆ ಕ್ಲಾಸಲ್ಲಿ ಅಷ್ಟು ಜನರ ಮುಂದೆ ನಿನ್ನ ಮಾನ ಹೋಗ್ಬಾರ್ದು ಅಂತ ಅಳಿಸ್ದೆ."

ಅಪ್ಪ ನಗು ತಡೆಯಲಾಗದೆ ಕೆಮ್ಮತೊಡಗಿದರು. ನನಗೆ ನಾಚಿಕೆ, ನಗು, ಅಮ್ಮನ ಮೇಲೆ ಹೇಳಲಾರದಷ್ಟು ಪ್ರೀತಿ, ಎಲ್ಲ ಒಟ್ಟಿಗೇ ಉಕ್ಕಿ ಬಂತು. ಆ ಮಹಾಸಾಮ್ರಾಜ್ಯದ ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಸರನ್ನೇ ಬರೆದೆ.

"ಬರೆದಾಯ್ತಾ?" ಎಂದಳು ಅಮ್ಮ. "ಊಟಕ್ಕೆ ಬಡಿಸ್ತೀನಿ. ಮೊದ್ಲು ಹೋಗಿ ಕೈ ತೊಳ್ಕೊಂಡು ಬಾ!"