ಸಾಹೇಬನ ಟಬ್ಬು, ನನ್ನ ಸೊಂಟ

ಕೆಲವರ ಮನ್ಯಾಗ ಒಂದ ಕೆಲಸಾ ಹಿಡದ್ರ ಒಂದ ಕೆಲಸಾ ಮುಗೀತೈತಿ. ನಮ್ಮ ಮನ್ಯಾಗ ಹಾಂಗಿಲ್ಲ. ಒಂದ ಹಿಡದ್ರ ಹತ್ತ ಬಿಚ್ಚಕೋತಾವು, ಹಿಡದದ್ದು ಮಾತ್ರ ಇದ್ದಲ್ಲೇ ಇರತೈತಿ. ಇದಕ್ಕ ನಮ್ಮವ್ವ ಹೇಳೂ ಕಾರಣಾ ಒಂದ: "ನಿನ್ನ ಕಾಲಾಗ ಚಕ್ರ ಐತಿ." ಖರೇ ಐತಿ. ನಾ ಕುಂತಲ್ಲಿ ಕುಂದರಾಂವಲ್ಲ, ನಿಂತಲ್ಲಿ ನಿಂದರಾಂವಲ್ಲ. ಉಣ್ಣಾಕ ಕುಂತ್ರ ನಡುವ ಎರಡ ಸಲ ಎದ್ದು ಬಾಗಲಾ ನೋಡಿ ಬರತೀನಿ. ಅಂಥಾ ನನಗ ಒಂದ ಮಳಿಗಾಲದಾಗ ಒಂದ ಜಾಗಾದಾಗ ಅಲುಗಾಡದ ಕುಂದರೂ ಪ್ರಸಂಗ ಬಂತು.

ಡಾಕ್ಟರ ಔಷಧಾ

ಜರ್ಮನಿ ಲಡಾಯಿ ಮುಗದು ಏಳೆಂಟ ವರ್ಷಾ ಆಗಿದ್ವು. ಬೆಳಗಾವಿ ಪ್ಯಾಟ್ಯಾಗ ನನ್ನದೊಂದು ಅಕ್ಕಿ ಅಡತಿ ಅಂಗಡಿ. ದೀಪಾವಳಿ ಆತಂದ್ರ ಚಕ್ಕಡಿ ಹೂಡಿಕೊಂಡು ಖಾನಾಪುರದ ಹಳ್ಳಿಹಳ್ಳಿ ತಿರಗಿ ಭತ್ತಾ ಹಿಡೀಬೇಕು. ಆ ತಿರಗಾಟಾನ ನನ್ನ ಹೊಟ್ಟಿಪಾಡು, ಖರೇ ಹೇಳಬೇಕಂದ್ರ ಅದ ನನ್ನ ಜೀವಾ. ಆ ವರ್ಷ ಬ್ಯಾಸಗ್ಯಾಗ, ಹಮಾಲ ಬರೂದು ಒಂದೀಟ ತಡಾ ಆತಂತ ನಾನ ಚೀಲಾ ಎತ್ತಾಕ ಹೋದೆ. ಸೊಂಟದಾಗ ಕಟ್ ಅಂತು. ಎಡಕ್ಕ ವಾಲಿದಾಂವ ನೆಟ್ಟಗ ಆಗಲೇ ಇಲ್ಲ.

ಡಾಕ್ಟರು ನೋಡಿ ಹೇಳಿದ್ರು: "ದಿನಾ ಅರ್ಧ ತಾಸು ಬಿಸಿನೀರಾಗ ಕೊಳ್ಳಿನತನಕ ಮುಳಗಿ ಸುಮ್ಮನ ಕುಂದರಬೇಕು. ಇಲ್ಲಾಂದ್ರ ಈ ವರ್ಷ ಚಕ್ಕಡೀ ಆಶಾ ಬಿಡ್ರಿ."

"ಅರ್ಧ ತಾಸು? ಒಂದ ಸಲಕ್ಕೇನ್ರಿ?"

"ಮತ್ತ ಕಂತ ಮಾಡಿ ಕುಂದರತೀರೇನು?"

ಮನಿಗೆ ಬಂದು ಹೇಳಿದ್ರ ಅವ್ವ ನಕ್ಕಳು. "ಇಂವನ ಹಡದು ಮೂವತ್ತೈದ ವರ್ಷಾ ಆತು. ಅರ್ಧ ತಾಸು ಕುಂತದ್ದ ನಾ ನೋಡಿಲ್ಲವಾ. ಲಗ್ನದಾಗ ಸೈತ ಅಕ್ಕಿಕಾಳ ಬೀಳೂದ್ರಾಗ ಎದ್ದ ನಿಂತಿದ್ದ."

ನಮ್ಮಾಕಿ ಒಳಗಿಂದನ ಅಂದ್ಳು: "ನನ್ನ ಸೆರಗಿಗೆ ಗಂಟ ಹಾಕಿದ್ರಂತ ಉಳದ್ರು ಅತ್ತೀ. ಇಲ್ಲಂದ್ರ ಅವತ್ತ ಹೋಗೇಬಿಡತಿದ್ರು."

ಲಿಲಾವು

ಕೊಳ್ಳಿನತನಕ ಮುಳಗೂ ಅಂಥಾದ್ದು ನಮ್ಮ ಪ್ಯಾಟ್ಯಾಗ ಎಲ್ಲಿ ಸಿಗತೈತಿ? ಕ್ಯಾಂಪಿನಾಗ ಒಬ್ಬ ಗೋರಾ ಸಾಹೇಬ ತನ್ನ ದೇಶಕ್ಕ ಹೊಂಟಾನ, ಸಾಮಾನೆಲ್ಲಾ ಲಿಲಾವು, ಕೂಗಿ ಮಾರತಾರಂತ ಸುದ್ದಿ ಬಂತು. ಸೊಂಟ ಹಿಡಕೊಂಡ ಓಡಿದೆ. ಕುರ್ಚಿ, ಮೇಜು, ಕನ್ನಡಿ ನಡುವ ಇತ್ತು ನೋಡ್ರಿ ಟಬ್ಬು! ಬೀಡು ಕಬ್ಬಿಣದ್ದು, ಮ್ಯಾಲ ಬಿಳೇ ಬಣ್ಣಾ, ಒಬ್ಬ ಮನಶಾ ಕಾಲಚಾಚಿ ಮಲಗೂವಷ್ಟು ಉದ್ದ, ಕೆಳಗ ಹುಲಿಪಂಜದಂಥಾ ನಾಕ ಕಾಲು.

ಲಿಲಾವಿನಾಂವ ಇನ್ನೂ ಬಾಯಿ ತಗದಿದ್ದಿಲ್ಲ, ನಾ ನನ್ನ ಬೆಲಿ ಕೂಗೇಬಿಟ್ಟೆ. ಅಂವ ಸಾವಕಾಶ ಸುತ್ತೆಲ್ಲಾ ನೋಡಿ, "ಮತ್ತ ಯಾರ ಅದೀರಿ?" ಅಂದ. ಯಾರೂ ಮಾತಾಡಲಿಲ್ಲ. ಅಂವಾ ಸುಮ್ಮನ ನಿಂತ, ಮಂದೀನೂ ಸುಮ್ಮನ ನಿಂತ್ರು. ನನಗ ಆ ಸುಮ್ಮನಿರೂದ ತಡಕೊಳ್ಳಾಕ ಆಗವಲ್ತು. ಮತ್ತೊಂದೀಟ ಏರಿಸಿದೆ. ಮತ್ತ ಸುಮ್ಮನ. ಮತ್ತ ಏರಿಸಿದೆ.

ಕಡೀಕ ಅಂವ ಕೈ ಮುಗದ. "ಸಾವಕಾರ್ರ, ನಿಮ್ಮ ಎದರಿಗೆ ನೀವೊಬ್ಬರ ಅದೀರಿ. ನಿಮ್ಮನ್ನ ನೀವು ಸೋಲಸೂತನಕ ನಾ ನಿಂದರಬೇಕೇನು?"

ಗವಂಡಿ

ಟಬ್ಬು ಚಕ್ಕಡ್ಯಾಗ ಮನಿಗೆ ಬಂತು. ಅವ್ವ ಸುತ್ತ ಬಂದು ನೋಡಿ, "ಇದು ಎಮ್ಮೀ ನೀರಿನ ಬಾನಿ. ಎಮ್ಮಿ ಎಲ್ಲೈತಿ?" ಅಂದ್ಳು. ಹುಲಿಪಂಜಾ ಕಂಡು ಬಸದೀಗೆ ಹೋಗೂ ಜೀವಕ್ಕ ಸಮಾಧಾನ ಆಗಲಿಲ್ಲ. ನಾಕೂ ಕಾಲಿಗೆ ಹಳೇ ಅರಿವಿ ಸುತ್ತಿಬಿಟ್ಟಳು. ಟಬ್ಬಿಗೂ ಸಂಧಿವಾತ ಆದಾಂಗ ಕಾಣತಿತ್ತು.

ಬಚ್ಚಲ ಬಾಗಲದಾಗ ಅದು ಹಿಡೀಲಿಲ್ಲ. ಖಾನಾಪುರ ತಾಲೂಕಿನ ಜಾಂಬೋಟಿ ಕಡೇ ಗವಂಡಿ ಒಬ್ಬ ಪ್ಯಾಟ್ಯಾಗ ಕೆಲಸಾ ಮಾಡತಿದ್ದ, ಅಂವನ ಕರಸಿದೆ. ಅಂವ ದಾರಾ ಹಿಡದು ಅಳೀಲಿಲ್ಲ, ಮೂಲಿ ನೋಡಲಿಲ್ಲ. ಬಂದಾಂವನ, "ಗ್ವಾಡಿ ಒಡೀಬೇಕ್ರಿ ಮಾಲಕ" ಅಂದ.

"ಓರಿ ಮಾಡಿ ಒಳಗ ತುರಕಾಕ ಬರೂದಿಲ್ಲೇನು?"

"ಬರತೈತ್ರಿ. ಗ್ವಾಡಿ ಒಡದ ಮ್ಯಾಲ."

"ನೀರ ಹೊರಗ ಹೋಗಾಕ ಮೋರಿ?"

"ಅದಕ್ಕೂ ಒಡೀಬೇಕ್ರಿ."

ಅರ್ಧಾ ದಿವಸದಾಗ ಹಿತ್ತಲ ಕಡೇ ಗ್ವಾಡಿ ನೆಲಕ್ಕ ಬಂತು, ಟಬ್ಬು ಒಳಗ ಹೋತು. ನಾಳಿ ಗ್ವಾಡಿ ಕಟ್ಟತೀನಿ ಅಂತ ಹೇಳಿ ಹೋದ. ಅವತ್ತ ಸಂಜೀಕ ಮಿರಗದ ಮಳಿ ಹಿಡೀತು. ಮರುದಿನಾ ಗವಂಡಿ ಇಲ್ಲ, ಹಾರಿ ಇಲ್ಲ. ನಾಟಿ ಹಚ್ಚಾಕ ಊರಿಗೆ ಹೋದ ಅಂತ ಸುದ್ದಿ.

ಬಚ್ಚಲಕ್ಕ ಮೂರ ಗ್ವಾಡಿ, ನಾಕನೇದ್ದು ಗೋಣಿತಟ್ಟಿನ ಪಡದೆ. ಹೆಣ್ಣಮಕ್ಕಳು ಜಳಕಕ್ಕ ಬಾಜೂ ಮನಿಗೆ ಹೋಗೂ ಗತಿ ಬಂತು. ನಾ ಒಬ್ಬನ ಪಡದೇದ ಹಿಂದ ತಂಬಗಿ ಹಿಡದು ಗಡಬಡ ಮಾಡತಿದ್ದೆ. ಅವತ್ತೊಂದಿನಾ ಗಾಳಿ ಹೊಡದು ಪಡದೆ ಹಾರೇಹೋತು. ಬಾಜೂ ಮನೀ ಕಾಕಾ ತನ್ನ ಹಿತ್ತಲಾಗ ಕುಂತು ಎಲಿ ಅಡಕಿ ಹಾಕೋತಿದ್ದ. ಮುಖಾ ತಿರಗಸಲಿಲ್ಲ ಪುಣ್ಯಾತ್ಮ.

"ಬಚ್ಚಲಾ ಚಲೋ ಆತು ನೋಡ ತಮ್ಮಾ," ಅಂದ. "ಹವಾ ಭಾಳ ಛಂದ ಆಡತೈತಿ."

ಖಾನಾಪುರದ ಸಂತಿ

ಹದಿನೈದ ದಿವಸಾ ಹಾದಿ ನೋಡಿದೆ. ಅಂದ್ರ ಬಾಗಲಕ್ಕೂ ಹಿತ್ತಲಕ್ಕೂ ಎಷ್ಟ ಸಲ ತಿರಗಿದ್ನೋ ದೇವರಿಗೆ ಗೊತ್ತು. ಕಡೀಕ, ಅಂವ ಖಾನಾಪುರಕ್ಕ ಬರತಾನಂತ ಕೇಳಿ, ರೈಲ ಹತ್ತಿದೆ. ಡಬ್ಬ್ಯಾಗ ಕುಂತ್ರ ಸೊಂಟ ಹಿಡೀತಿತ್ತು, ನಿಂತ್ರ ಮನಸ್ಸ ನಿಂದರವಲ್ತು. ಈ ತುದಿಯಿಂದ ಆ ತುದಿಗೆ ತಿರಗೇ ತಿರಗಿದೆ. ಬೆಳಗಾವಿಯಿಂದ ಖಾನಾಪುರಕ್ಕ ನಾ ನಡಕೋತನ ಹೋದೆ ಅನ್ರಿ, ರೈಲು ಬರೇ ಜೋಡಿಗೆ ಬಂತು.

ಅವತ್ತ ಸಂತಿ. ಗವಂಡಿ ಒಂದ ಅಂಗಡ್ಯಾಗ ಕಂಬಳಿ ತಿರಗಿಸಿ ತಿರಗಿಸಿ ನೋಡಾಕ ಹತ್ತಿದ್ದ. ನನ್ನ ಕಂಡು ಓಡಲಿಲ್ಲ, ನಾಚಲಿಲ್ಲ. "ಬರ್ರಿ ಮಾಲಕ, ಕುಂದರ್ರಿ" ಅಂದ.

"ಕುಂದರಾಕ ಬರವಲ್ತಂತನ ನಿನ್ನ ಕಡೇ ಬಂದೀನೋ ಮಹಾರಾಯಾ! ಗ್ವಾಡಿ ಯಾವಾಗ?"

"ನಾಟಿ ಮುಗದ ಮ್ಯಾಲ ಬರತೀನ್ರಿ."

"ನಾಟಿ ಯಾವಾಗ ಮುಗೀತೈತಿ?"

"ಮಳಿ ನಿಂತ್ರ ನಾಟಿ ಮುಗಿಯೂದಿಲ್ರಿ. ನಿಲ್ಲದಿದ್ರ ಹಳ್ಳಾ ದಾಟಿ ನಾ ಬರಾಕ ಆಗೂದಿಲ್ರಿ."

ನನಗ ಸಿಟ್ಟ ನೆತ್ತಿಗೇರಿತು. ಸಂತ್ಯಾಗಿನ ಮಂದಿ ತಿರಗಿ ನೋಡೂಹಂಗ ಬೈದೆ. ಅಂವ ಎಲ್ಲಾ ಕೇಳಿಕೊಂಡು ಕಂಬಳಿ ಹೆಗಲಿಗೆ ಹಾಕ್ಕೊಂಡ. "ಮಾಲಕ, ನಾ ಗ್ವಾಡಿ ಕಟ್ಟದಿದ್ರ ನಿಮಗ ಜಳಕಾ ಇಲ್ಲ, ಅಷ್ಟ. ನಾಟಿ ಹಚ್ಚದಿದ್ರ ದೀಪಾವಳಿಗೆ ಬಂದು ಏನ ಹಿಡೀತೀರಿ, ಹುಲ್ಲೇನು?"

ಅಕ್ಕೀ ವ್ಯಾಪಾರಿ ನಾ. ಹೊಳ್ಳಿ ಬರೂ ಮುಂದ ಅಂವಗ ಆ ಕಂಬಳಿ ನಾನ ಕೊಡಿಸಿ ಬಂದೆ.

ಯಾರ ಲಗ್ನಾರೀ?

ಶ್ರಾವಣದಾಗ ಗವಂಡಿ ಬಂದ, ಗ್ವಾಡಿ ಎದ್ದಿತು. ಮ್ಯಾಲ ಗಾರೆ ಬಳದು ಗಿಲಾವು ಹಚ್ಚೂದೊಂದ ಬಾಕಿ. ನನಗ ಅಷ್ಟ ಸಾಕಾಗಿತ್ತು. "ನಾಳಿ ಕುಂದರತೀನಿ" ಅಂದೆ.

ಅವ್ವ ಅಂದ್ಳು: "ಕುಂದರು. ಆದ್ರ ಚಾತುರ್ಮಾಸ ನಡದೈತಿ. ಒಂದೊಂದ ಹನೀನೂ ಗಾಳಿಸೇ ಹಾಕಬೇಕು."

ನಾವು ಜೈನರು. ನೀರಂದ್ರ ಎರಡ ಪದರ ಅರಿವ್ಯಾಗ ಗಾಳಿಸಬೇಕು, ಅರಿವ್ಯಾಗ ಉಳದ ಸಣ್ಣ ಜೀವಾನ ಸಾವಕಾಶ ತಿರಗಿ ಅದ ಬಾವಿಗೆ ಬಿಡಬೇಕು. ಕುಡಿಯೂ ಕೊಡಕ್ಕ ಇದು ದಿನದ ಮಾತು. ಟಬ್ಬಿಗೆ ನಲವತ್ತ ಕೊಡಾ! ಅವ್ವ ಮಳಿಗಾಲದಾಗ ದಿನಕ್ಕ ಒಂದ ಕೊಡದಾಗ ಜಳಕಾ ಮುಗಸಾಕಿ. "ನೀ ಒಂದ ಸಲ ಕುಂತ್ರ ನನ್ನ ನಲವತ್ತ ದಿವಸದ ನೀರು. ತಾಯಿನ್ನ ಉಪಾಸ ಹಾಕಿ ಉಂಡಾಂಗ ಆತು ನೋಡ" ಅಂದ್ಳು. ನನ್ನ ಮುಖಾ ಸಣ್ಣಾತು. ಅದನ್ನ ನೋಡಿ ತಾನ ಅರಿವಿ ಹಿಡಕೊಂಡು ಬಾವೀ ಕಟ್ಟಿಗೆ ನಡದಳು. ಬ್ಯಾರೇದವರು ಗಾಳಿಸಿದ್ರ ಆಕಿಗೆ ನಂಬಿಗಿಲ್ಲ.

ಮತ್ತೊಂದ ತ್ರಾಸು. ನಮ್ಮ ಹಂಡ್ಯಾಗ ಹಿಡಿಯೂದು ಎಂಟ ಕೊಡಾ. ಎರಡನೇ ಹಂಡೆ ಕಾಯೂದ್ರಾಗ ಮೊದಲನೇದ್ದು ಟಬ್ಬಿನಾಗ ತಣ್ಣಗ. ಅದಕ್ಕ ನಾ ಓಣಿಯೆಲ್ಲಾ ಓಡ್ಯಾಡಿ ಲಗ್ನದ ಅಡಗೀ ಹಂಡೇಗೋಳ ತರಸಿದೆ. ಹಿತ್ತಲಾಗ ನಾಕ ಒಲಿ ಹೂಡಿದ್ವಿ. ಹೊಗಿ ಓಣಿಗೆಲ್ಲಾ ಹಬ್ಬಿತು.

ಬಾಜೂ ಕಾಕಾ ಹೊಸಾ ರುಮಾಲ ಸುತ್ತಕೊಂಡು ಓಡಿಬಂದ. "ಚಾತುರ್ಮಾಸದಾಗ ಲಗ್ನಾ ತಗದೀರಿ! ನನಗೊಂದ ಮಾತ ಹೇಳಬಾರದೇನು? ಯಾರ ಲಗ್ನಾ?"

ನಮ್ಮಾಕಿ ಕಟಗಿ ಒಟ್ಟಕೋತ ಅಂದ್ಳು: "ಲಗ್ನಲ್ರಿ ಕಾಕಾ. ಇವರ ಜಳಕಾ."

ಒಂದ ಮಾಲಿ

ನೀರ ತುಂಬಿತು. ಪಂಜೆ ಉಟ್ಟು ಇಳದೆ. ಆಹಾ! ಏನ ಹೇಳಲಿ, ಎಲುವಿನೊಳಗಿನ ನೋವು ಬೆಣ್ಣಿ ಕರಗಿದಾಂಗ ಕರಗಾಕ ಹತ್ತಿತು. ಇನ್ನ ಅರ್ಧ ತಾಸು ತಿಳಿಯೂದು ಹೆಂಗ? ಗಡಿಯಾರಾ ಪಡಸಾಲ್ಯಾಗ. ಅವ್ವ ಬಾಗಲ ಹೊರಗ ಮಣೀ ಮ್ಯಾಲ ಜಪಮಾಲಿ ಹಿಡಕೊಂಡ ಕುಂತಳು. "ನೂರಾಎಂಟ ಮಣಿ ನಾ ಸಾವಕಾಶ ಎಣಸಿದ್ರ ಅರ್ಧ ತಾಸ ಆಗತೈತಿ. ಅಲ್ಲೀತನಕ ಸುಮ್ಮನ ಕುಂದರು. ಜಪದಾಗ ಮಾತಾಡಸಬ್ಯಾಡ."

ಸುಮ್ಮನ ಕುಂತೆ. ಭಾಳ ಹೊತ್ತ ಕುಂತೆ. "ಆತೇನವ್ವಾ?"

ಮಾತಿಲ್ಲ.

"ಅವ್ವಾ, ಮುಗೀತೇನು?"

"ಇಲ್ಲೋ, ಇನ್ನೂ ಏಳನೇ ಮಣಿ! ಮಾತಾಡಿಸಿದಿ ನೋಡ, ಮಾಲಿ ಮುರೀತು. ಮತ್ತ ಮೊದಲಿಂದ."

ಮತ್ತ ಕುಂತೆ. ಮೂಗ ಕಡೀತು, ಬೆನ್ನ ಕಡೀತು. ಅಂಗಡ್ಯಾಗ ಯಾರೋ ಬಂದಾರ ಅನಸಿತು. "ಅರ್ಧರ ಆತೇನವ್ವಾ?"

"ಆಗಿತ್ತು! ಈಗ ಇಲ್ಲ. ಮೊದಲಿಂದ."

ಮೂರನೇ ಸಲಾ ತುಟಿ ಕಚ್ಚಿ ಹಿಡದೆ. ಅವ್ವನ ಮಾತಾಡಸಲಿಲ್ಲ. ನಮ್ಮಾಕಿನ್ನ ಕರದು, "ಎಲ್ಲೀತನಕ ಬಂದಾಳ ಕೇಳ" ಅಂದೆ. ಆಕಿ ಕೇಳಿದ್ಳು. ನಾಕನೇ ಮಾಲಿ ಸುರು ಆತು.

ಅದು ಮುಗಿಯೂದ್ರಾಗ ನೀರು ಬಾವೀ ನೀರಿಗಿಂತ ತಣ್ಣಗಾಗಿತ್ತು. "ಆತು, ಏಳು" ಅಂದ್ಳು ಅವ್ವ. ನಾ ಏಳಾಕ ಹೋದೆ. ಕಾಲ ಜೋಮು, ಸೊಂಟ ಕಟಗಿ, ಟಬ್ಬಿನ ಬಾಜೂ ಎಲ್ಲಾ ನುಣ್ಣಗ. ಹಿಡದಲ್ಲಿ ಜಾರತಿತ್ತು. ನಮ್ಮಾಕಿ ಒಂದ ಕೈ ಜಗ್ಗಿದ್ಳು, ಅವ್ವ ಒಂದ ಜಗ್ಗಿದ್ಳು. ಅರ್ಧ ಎದ್ದು ಮತ್ತ ದಬ್ ಅಂತ ಕುಂತೆ. ಮುಗೀತು ನನ್ನ ಕಥೀ ಅಂತ ಎದೀ ಒಡದ ಹೋತು. ದೀಪಾವಳೀ ಇಲ್ಲ, ಚಕ್ಕಡೀ ಇಲ್ಲ, ಜಲ್ಮದುದ್ದಕ್ಕೂ ಈ ಬಾನ್ಯಾಗ!

ಗವಂಡಿ ಅವತ್ತ ಹಿತ್ತಲಾಗ ಗಿಲಾವು ಹಚ್ಚಾಕ ಬಂದಿದ್ದ. ಹೊರಗಿಂದ ಕೇಳಿದ: "ಏನಾತ್ರಿ ಅಕ್ಕಾರ?"

"ಇವರು ಟಬ್ಬಿನಾಗ ಸಿಕ್ಕಾರ. ಹೊರಗ ಬರಾಕ ಆಗವಲ್ತು."

ಗವಂಡಿ ಕೈಯಾಗಿನ ಗಾರೆ ಜಾಡಿಸಿಕೊಂಡ. "ಅಷ್ಟೇನ್ರಿ? ಚಿಂತೀ ಮಾಡಬ್ಯಾಡ್ರಿ. ಗ್ವಾಡಿ ಒಡೀತೀನಿ."

ಧಡ್! ಹಾರೀ ಏಟಿಗೆ ಒಂದ ಇಟ್ಟಂಗಿ ಒಳಗ ಬಿತ್ತು.

ನಾ ಹೆಂಗ ಎದ್ದೆ, ಹೆಂಗ ಟಬ್ಬ ದಾಟಿದೆ, ಇವತ್ತಿಗೂ ಗೊತ್ತಿಲ್ಲ. ತೊಯ್ದ ಪಂಜೆ ಮ್ಯಾಲ ಹಿತ್ತಲಕ್ಕ ಓಡಿ, "ಬಿಡೋ ಹಾರೀ! ಮತ್ತೊಂದ ನಾಟೀತನಕ ಕಾಯಬೇಕೇನು ನಾ?" ಅಂತ ಅಂವನ ಕೈಯಾಗಿನ ಹಾರಿ ಕಸಗೊಂಡು ಒಗದೆ.

ಅವ್ವ ಹಿಂದ ಓಡಿಬಂದಾಕಿ ಅಲ್ಲೇ ನಿಂತಳು. "ಲೇ ತಮ್ಮಾ, ನೆಟ್ಟಗ ನಿಂತೀಯಲ್ಲೋ!"

ಸೊಂಟ ಮುಟ್ಟಿ ನೋಡಿಕೊಂಡೆ. ಎಡಕ್ಕ ಹೊಳ್ಳಿದೆ, ಬಲಕ್ಕ ಹೊಳ್ಳಿದೆ. ಬಗ್ಗಿ ಹಾರಿ ಎತ್ತಿದೆ. ಒಂಚೂರೂ ನೋವಿಲ್ಲ! ನನ್ನ ಕಣ್ಣಾಗ ನೀರ ಬಂತು. ಬೈಯಬೇಕಂದಾಂವ, ಹಾರಿ ಅಂವನ ಕೈಯಾಗ ಕೊಟ್ಟೆ.

ಅಂವ ಅದನ್ನ ಹೆಗಲ ಮ್ಯಾಲ ಇಟ್ಟಕೊಂಡು ಭಾಳ ನಮ್ರತೀಲೆ ಅಂದ: "ಇನ್ನೊಮ್ಮಿ ಸೊಂಟ ಹಿಡದ್ರ ಹೇಳಿ ಕಳಸ್ರಿ ಮಾಲಕ, ಬಂದು ಒಡದ ಹೋಗತೀನಿ. ಸುಗ್ಯಾಗ ಮಾತ್ರ ಹಿಡಸಕೋಬ್ಯಾಡ್ರಿ, ಭತ್ತಾ ಕೊಯ್ಯೂದಿರತೈತಿ."