ಮೆದೆರ್ ತೋಡಿದ ಹಿಮದ ಗುಂಡಿ

ಆ ಗುಂಡಿಯನ್ನು ಮೆದೆರ್ ಊರ ಗೋರಿದಿನ್ನೆಯ ಪಕ್ಕದಲ್ಲೇ ತೋಡಬೇಕಿತ್ತೇ? ತೋಡಿದ. ಅವನ ಲೆಕ್ಕ ಅವನಿಗೆ. ನಾಳೆ ಪ್ರವಾಸಿ ಅತಿಥಿಗಳು ಕಾಲಿಗೆ ಸ್ಕೀ ಕಟ್ಟಿಕೊಂಡು ಇಳಿಯಬೇಕಾದ ದೊಡ್ಡ ಇಳಿಜಾರು ಉತ್ತರಕ್ಕೆ ಮುಖ, ಈ ದಿನ್ನೆಯೂ ಉತ್ತರಕ್ಕೆ ಮುಖ. ಅಲ್ಲಿನ ಹಿಮದ ಹೊಟ್ಟೆಯಲ್ಲಿ ಇರುವುದೇ ಇಲ್ಲೂ ಇರುತ್ತದೆ, ಜಾರಿ ಸಾಯುವ ಭಯ ಮಾತ್ರ ಇಲ್ಲ.

ಆವತ್ತು ಅವನ ಪರೀಕ್ಷೆ. ಹಿಮ ಕುಸಿಯುತ್ತದೋ ಇಲ್ಲವೋ ಸರಿಯಾಗಿ ಹೇಳಿದರೆ, ಕರಕೋಲ್ ಪೇಟೆಯಿಂದ ಬಂದ ಹಿರಿಯ ಸ್ಕೀ ಗೈಡ್ ರಾಯ್‌ಖಾನ್ ಅವನನ್ನೂ ಗೈಡ್ ಮಾಡುತ್ತಾಳೆ. ತಪ್ಪಿದರೆ ಮತ್ತೆ ಹೆಣ್ಣು ಕೊಟ್ಟ ಮಾವನ ಕುರಿ ಕಾಯಬೇಕು. ಕುರಿಗಳನ್ನಾದರೂ ತಡೆದುಕೊಳ್ಳಬಹುದು, ಮಾವನ ನಾಲಿಗೆಯನ್ನಲ್ಲ. ಪಾಸಾದ ದಿನ ತನ್ನ ಒಂದೇ ಒಂದು ಟಗರನ್ನು ಕಡಿದು ಊರಿಗೆಲ್ಲ ಊಟ ಹಾಕುತ್ತೇನೆಂದು ಮೆದೆರ್ ಸಾರಿಯೂ ಬಿಟ್ಟಿದ್ದ.

ಎದೆಮಟ್ಟ ತೋಡಿ, ಗುಂಡಿಯ ಗೋಡೆಯಲ್ಲಿ ಹಿಮದ ಕಂಬವೊಂದನ್ನು ಕೊಯ್ದು, ಅದರ ತಲೆಯ ಮೇಲೆ ಸಲಿಕೆಯಿಟ್ಟು ಅಂಗೈಯಿಂದ ತಟ್ಟತೊಡಗಿದ. ಕಂಬ ಬೇಗ ಮುರಿದರೆ ಇಳಿಜಾರಿನ ಹಿಮವೂ ಕುಸಿಯುತ್ತದೆ ಎಂದರ್ಥ. ಕೆಳಗೆ ಊರಿನವರಿಗೆ ಕಂಡದ್ದು ಗೋರಿದಿನ್ನೆ, ಗುಂಡಿ, ಎದೆ ಬಡಿದುಕೊಳ್ಳುತ್ತಿರುವ ಮೆದೆರ್. ಅವನಜ್ಜಿ ಉಲ್ಕಾನ್ ವಾರದಿಂದ ಕೆಮ್ಮುತ್ತಿದ್ದಳು. ಇನ್ನೇನು ಬೇಕು? ಗೋರಿ ತೋಡಲು ನಮ್ಮಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ, ಕಂಡವನು ಸಲಿಕೆ ಹಿಡಿದು ಓಡಬೇಕು.

ಮೊದಲು ಬಂದವನು ಪಕ್ಕದ ಮನೆಯ ಜೋರೊ, ಒಂಟೆಯ ಹಾಗೆ ಗೋಳಿಡುತ್ತಾ. "ಅಯ್ಯೋ ನಮ್ಮಜ್ಜೀ! ಹೋಗ್ಬಿಟ್ಯಾ!"

"ಯಾರೂ ಸತ್ತಿಲ್ಲ ಜೋರಣ್ಣ! ನಾನು ಹಿಮ ನೋಡ್ತಿದೀನಿ!"

"ಪಾಪ, ದುಃಖಕ್ಕೆ ತಲೆ ಕೆಟ್ಟೋಗಿದೆ. ಹಿಡ್ಕೊಳ್ರೋ ಇವನನ್ನ!"

ಹಿಂದೆ ಓಡಿಬಂದವರಲ್ಲಿ ಇಬ್ಬರು ಅವನ ತೋಳು ಹಿಡಿದರು. ಉಳಿದವರು ಗುಂಡಿಗೆ ಧುಮುಕಿದರು. "ಥೂ ಸೋಮಾರಿ, ಇನ್ನೂ ಮಣ್ಣೇ ಮುಟ್ಟಿಲ್ವಲ್ಲೋ!"

ಆಗಲೇ ರಾಯ್‌ಖಾನ್ ಬಂದಳು. "ಏನಯ್ಯಾ ಇದು, ಜಾತ್ರೆ?"

"ಅಕ್ಕಾ, ನಾಲ್ಕು ಸಲ ತಟ್ಟೋದ್ರೊಳಗೇ ಕಂಬ ಮುರಿದು ಜಾರ್ತು! ಕೆಳಗಿನ ಪದರ ಸಕ್ಕರೆ ಥರ ಉದುರ್ತಿದೆ. ನಾಳೆ ಯಾರೂ ಮೇಲೆ ಹೋಗ್ಬಾರ್ದು!"

ಅವಳು ಉಳಿದಿದ್ದ ಗೋಡೆಯನ್ನು ಬೆರಳಲ್ಲಿ ಕೆರೆದು ನೋಡಿದಳು. ಹಿಮ ಸಕ್ಕರೆಯ ಹಾಗೇ ಸುರಿಯಿತು. "ಸರಿಯಾಗೇ ಹೇಳ್ದೆ. ಇಷ್ಟು ಜನ ಹುಚ್ಚ ಅಂದ್ರೂ ಮಾತು ಬದಲಿಸ್ಲಿಲ್ಲ ನೋಡು. ಇವತ್ತಿಂದ ನೀನೂ ಗೈಡು."

ಮೆದೆರ್ ಕುಣಿಯುತ್ತಾ ಮನೆಗೆ ಓಡಿದ. ಅಂಗಳದಲ್ಲಿ ದೊಡ್ಡ ಕಡಾಯಿ ಕುದಿಯುತ್ತಿತ್ತು. ಬಂದವರಿಗೆ ಸಾವಿನೂಟ ಬೇಡವೇ? ನೆರೆಯವರು ಆಗಲೇ ಅವನ ಟಗರನ್ನೇ ಕಡಿದಿದ್ದರು. ಅಡುಗೆಯ ಗಡಿಬಿಡಿಯಲ್ಲಿ ಸತ್ತವರು ಯಾರೆಂದು ನೋಡಲು ಯಾರಿಗೂ ಬಿಡುವಿರಲಿಲ್ಲ. ಗೂಟದಲ್ಲಿ ಹಗ್ಗ ಮಾತ್ರ ನೇತಾಡುತ್ತಿತ್ತು. ಒಲೆಯ ಪಕ್ಕ ಅರೆಗಿವುಡಿ ಅಜ್ಜಿ ಉಲ್ಕಾನ್ ಎಲುಬು ಚೀಪುತ್ತಿದ್ದಳು.

"ಬಾರೋ ಮಗಾ. ಯಾರೋ ಸತ್ತಿದಾರಂತೆ. ಒಳ್ಳೇವ್ರೇ ಇರ್ಬೇಕು, ಮಾಂಸ ಎಷ್ಟು ಕೊಬ್ಬಿದೆ!"

ಹಿಂದೆಯೇ ಬಂದ ಜೋರೊ ಅಜ್ಜಿಯನ್ನು ಕಂಡು ಬೆಚ್ಚಿದ. ಆಮೇಲೆ ಸುಧಾರಿಸಿಕೊಂಡು ತಟ್ಟೆಗೆ ಕೈ ಹಾಕಿದ. "ಪಾಸಾದೆ ತಾನೆ? ಊಟ ಯಾವತ್ತು?"

"ತಿಂತಾ ಇದೀರಲ್ಲಣ್ಣ!"

"ಇದು ಸಾವಿನ ಲೆಕ್ಕ ಕಣೋ. ಅದು ಗೈಡಿನ ಲೆಕ್ಕ. ಸಾರಿದ್ಮೇಲೆ ಹಾಕ್ಬೇಕಪ್ಪ."

ಮೂಲೆಯಲ್ಲಿದ್ದ ಮಾವ ಮೀಸೆಯ ಜಿಡ್ಡು ಒರೆಸಿಕೊಂಡ. "ಯಾಕೆ ಯೋಚ್ನೆ ಅಳಿಯಂದ್ರೇ? ನಾಳೆಗೆ ನನ್ ಟಗರು ತಗೊಳ್ಳಿ. ಬದಲಿಗೆ ಹಿಮ ಕರಗೋ ತನಕ ನನ್ ಕುರಿ ಕಾದ್ರೆ ಸಾಕು."

ಹಿಮ ಕರಗಿದ ಮೇಲೆ ಸ್ಕೀ ಗೈಡಿಗೆ ಏನು ಕೆಲಸ?

ಅಜ್ಜಿ ಇನ್ನೊಂದು ಎಲುಬಿಗೆ ಕೈ ಚಾಚಿದಳು. "ನಾಳೇನೂ ಊಟಾನಾ? ಅದ್ಯಾರು ಸತ್ತಿದ್ದು?"

"ನಾನೇ ಕಣಜ್ಜಿ," ಅಂದ ಹೊಸ ಗೈಡ್.